ಹಳೆಯ ಲಾರಿಗಳ ಸಾಲು ಹೊರಡಿಸುವ ಮಾತು

(ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ರವಿವಾರ ಸಂಜೆ ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಮಾತಾಡುವವರು ಸಾಮಾನ್ಯವಾಗಿ ಓದಿಕೊಂಡವರು. ಕಳೆದ ತಿಂಗಳು ಇಲ್ಲಿಯೇ ವಚನಗಳ ಮೇಲೆ ಒಳ್ಳೆಯ ಭಾಷಣ ಕೇಳಿದಿರಿ. ನಾನು ಮ್ಯಾಟ್ರಿಕ್ ಮುಗಿಸಿ ಮಿಲ್ಲಿಗೆ ಸೇರಿದವನು. ಗೇಟಿನ ಪಕ್ಕದ ಕೋಣೆಯಲ್ಲಿ ಕೂತು, ಒಳಗೆ ಬಂದ ಲಾರಿ ಯಾವುದು, ಹೊರಗೆ ಹೋದದ್ದು ಯಾವುದು, ಎಷ್ಟು ಚೀಲ ನೂಲು ಹೇರಿತು, ಎಷ್ಟು ಗಂಟೆಗೆ ಹೋಯಿತು ಎಂದು ಬರೆದುಕೊಳ್ಳುವದು ನನ್ನ ಉದ್ಯೋಗ. ಕಾರ್ಯದರ್ಶಿಗಳು "ನೀವೂ ಒಂದು ದಿನ ಮಾತಾಡಿರಿ" ಎಂದಾಗ ಲಾರಿಯ ಹೊರತು ಬೇರೆ ವಿಷಯ ನನಗೆ ಹೊಳೆಯಲಿಲ್ಲ. ತಾವು ಸಹಿಸಿಕೊಳ್ಳಬೇಕು.

ಹೋದ ಚಳಿಗಾಲದಲ್ಲಿ ನಾವು ಕೆಲವರು ಸೇರಿ ಐದು ಹಳೆಯ ಲಾರಿಗಳನ್ನು ಸಾಲಾಗಿ ರಾಮಟೇಕಕ್ಕೆ ಒಯ್ದು ಬಂದದ್ದು ನಿಮಗೆಲ್ಲ ಗೊತ್ತು. ಅದರ ಜಮಾಖರ್ಚು ಫಲಕದ ಮೇಲೆ ಹಚ್ಚಿದ್ದಾಯಿತು, ಭಾವಚಿತ್ರಗಳೂ ಹಚ್ಚಿದ್ದಾಯಿತು. ಈ ಚಳಿಗಾಲದಲ್ಲಿ ಮತ್ತೊಂದು ಸಲ ಹೊರಡಬೇಕೆಂಬ ವಿಚಾರವಿದೆ. ಅದಕ್ಕೋಸ್ಕರ ಇಂಥ ಸವಾರಿಯನ್ನು ಹೇಗೆ ಏರ್ಪಡಿಸಬೇಕು, ಎಲ್ಲಿ ತಪ್ಪುತ್ತದೆ, ಏನೇನು ನೋಡಿಕೊಳ್ಳಬೇಕು ಎಂಬುದನ್ನು ಹೇಳುವವನಿದ್ದೇನೆ. ಅದರ ಜೊತೆಗೆ, ಜಮಾಖರ್ಚಿನಲ್ಲಿ ಬಾರದ ಒಂದು ಬಾಬತ್ತೂ ಇದೆ. ಅದನ್ನು ಕಡೆಗೆ ಹೇಳುವೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಈ ಗುಜರಿ ಗಾಡಿಗಳನ್ನು ಮೆರೆಸುವದೇತಕ್ಕೆ? ನಮ್ಮ ಮನೆಯಾಕೆಯೂ ಇದನ್ನೇ ಕೇಳಿದಳು. "ದಿನಾ ಮಿಲ್ಲಿನ್ಯಾಗ ಲಾರಿ ನೋಡಿ ಸಾಲದಾತೇನು, ರವಿವಾರನೂ ಅದ ಬೇಕೇನು" ಎಂದಳು. ಅವಳಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ನಾವು ಇರುವ ಊರು ಯಾವುದು? ನಡುಮಧ್ಯದಲ್ಲಿ ಝೀರೋ ಮೈಲ್ ಕಲ್ಲು ಇರುವ ಊರು. ವಾರಾಣಸಿಯಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಹಳೆಯ 7ನೆಯ ನಂಬರಿನ ಹೆದ್ದಾರಿ, ಹಜೀರಾದಿಂದ ಕಲಕತ್ತೆಗೆ ಹೋಗುವ ಹಳೆಯ 6ನೆಯ ನಂಬರಿನ ಹೆದ್ದಾರಿ, ಇವೆರಡೂ ಕೂಡುವದು ಇಲ್ಲಿ. ಈಗ ಅವುಗಳ ನಂಬರು 44 ಮತ್ತು 53 ಎಂದಾಗಿದೆ. ಇಲ್ಲಿಂದ ದಕ್ಷಿಣಕ್ಕೆ ಮುಖ ಮಾಡಿ ಹಿಂಗಣಘಾಟ, ಆದಿಲಾಬಾದ, ಹೈದರಾಬಾದ, ಕರ್ನೂಲು, ಅನಂತಪುರ ಹಿಡಿದು ಹೋದರೆ ಸ್ಟೇರಿಂಗು ಹೆಚ್ಚು ತಿರುಗಿಸದೆ ಬೆಂಗಳೂರು ಮುಟ್ಟಬಹುದು. ನಮ್ಮಲ್ಲಿಯ ಎಷ್ಟೋ ಹಿರಿಯರು ಈ ಊರಿಗೆ ಬಂದದ್ದು ರೈಲಿನಲ್ಲಿ ಅಲ್ಲ, ಕೊಬ್ಬರಿ ಚೀಲದ ಮೇಲೆ ತಾಡಪತ್ರಿ ಹೊದ್ದು ಮಲಗಿಕೊಂಡು. ಹೋಗುವಾಗ ಕೊಬ್ಬರಿ, ಬರುವಾಗ ಕಿತ್ತಳೆ. ಹೀಗೆ ನಮ್ಮ ಸಂಬಂಧ ಬೆಳೆದದ್ದು.

ಇನ್ನೊಂದು ಸಂಗತಿ ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯದು. ಭಾರತದ ರಸ್ತೆಗಳ ಮೊದಲನೆಯ ದೊಡ್ಡ ಯೋಜನೆ ತಯಾರಾದದ್ದು ಇದೇ ಊರಿನಲ್ಲಿ. 1943ರ ಡಿಸೆಂಬರಿನಲ್ಲಿ, ಇನ್ನೂ ಮಹಾಯುದ್ಧ ನಡೆದಿರುವಾಗಲೇ, ಪ್ರಾಂತಗಳ ಮುಖ್ಯ ಇಂಜಿನಿಯರರು ಇಲ್ಲಿ ಕೂಡಿ ಇಪ್ಪತ್ತು ವರ್ಷಗಳ ಲೆಕ್ಕ ಹಾಕಿದರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತದ ಹೆದ್ದಾರಿ, ಜಿಲ್ಲೆಯ ರಸ್ತೆ, ಹಳ್ಳಿಯ ರಸ್ತೆ ಎಂಬ ವಿಂಗಡಣೆ ಅಲ್ಲಿ ಆಯಿತು. ಬೇಸಾಯ ಚೆನ್ನಾಗಿರುವ ಸೀಮೆಯಲ್ಲಿ ಯಾವ ಹಳ್ಳಿಯೂ ದೊಡ್ಡ ರಸ್ತೆಗೆ ಐದು ಮೈಲಿಗಿಂತ ದೂರ ಇರಬಾರದು ಎಂದು ಗುರಿ ಇಟ್ಟುಕೊಂಡರು. ಇಂದಿಗೂ ಇಂಜಿನಿಯರಿಂಗ್ ಪುಸ್ತಕಗಳಲ್ಲಿ ಅದಕ್ಕೆ ನಾಗಪುರ ಯೋಜನೆ ಎಂದೇ ಹೆಸರು. ಆ ರಸ್ತೆಗಳ ಮೇಲೆ ಮೊದಲು ಓಡಿದ ಗಾಡಿಗಳೇ ನಾವು ಈಗ ಗುಜರಿ ಎನ್ನುವವು.

ಯಾವ ಯಾವ ಗಾಡಿ ಎಂದು ಕೇಳಿದರೆ ಹೇಳಲು ನನಗೆ ಬಲು ಖುಷಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿಬಿಟ್ಟ ಫೋರ್ಡ್, ಶೆವರ್ಲೆ ಗಾಡಿಗಳು ಕೆಲವು ದಿನ ನಡೆದವು. ಪೆಟ್ರೋಲಿನ ಅಭಾವದಲ್ಲಿ ಇದ್ದಿಲಿನ ಗ್ಯಾಸಿನ ಮೇಲೆ ಬಸ್ಸು ಓಡಿಸಿದ ಕತೆಯನ್ನು ಅಜ್ಜಂದಿರಿಂದ ನೀವೂ ಕೇಳಿರಬಹುದು. ಆಮೇಲೆ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಡಾಡ್ಜ್, ಫಾರ್ಗೊ ಲಾರಿಗಳನ್ನು ಕೂಡಿಸತೊಡಗಿದರು. ಹಿಂದುಸ್ತಾನ ಮೋಟಾರ್ಸಿನವರು ಕಲಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ಬೆಡ್‌ಫರ್ಡ್ ಮಾಡಿದರು. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಿಂದ ಲಾರಿ ಹೊರಡಿಸಿದರು. ಮೂಗಿನ ಮೇಲೆ ಮೂರು ಮೊನೆಯ ನಕ್ಷತ್ರ. ಆ ಒಪ್ಪಂದ 1969ರಲ್ಲಿ ಮುಗಿದು ನಕ್ಷತ್ರ ಹೋಯಿತು, ಆದರೂ ನಮ್ಮ ಕಡೆಯ ಡ್ರೈವರುಗಳ ಬಾಯಲ್ಲಿ ಬಹಳ ಕಾಲ ಅದು 'ಬೆಂಜ್ ಲಾರಿ'ಯೇ. ಮದ್ರಾಸಿನಲ್ಲಿ ಅಶೋಕ ಮೋಟಾರ್ಸ್ 1948ರಲ್ಲಿ ಆರಂಭವಾಗಿ 1955ರಲ್ಲಿ ಅಶೋಕ ಲೇಲೆಂಡ್ ಆಯಿತು. ಕಾಮೆಟ್ ಎಂಬ ಲಾರಿ ಅದರದು. ಇನ್ನು ನಮ್ಮ ಉತ್ತರಕ್ಕೆ ಇರುವ ಜಬಲ್ಪುರದಲ್ಲಿ ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಿಂದ ಸೈನ್ಯಕ್ಕಾಗಿ ಶಕ್ತಿಮಾನ್ ಲಾರಿಗಳನ್ನು ಹಲವು ದಶಕ ಮಾಡಿದರು.

ಈ ಗಾಡಿಗಳಲ್ಲಿ ಬಹಳವು ಕಾರಖಾನೆಯಿಂದ ಬರುವಾಗ ಬರಿಯ ಚಾಸಿ. ಮೂಗು, ಇಂಜಿನು, ಸ್ಟೇರಿಂಗು, ನಾಲ್ಕು ಮೂಲೆಗೆ ಗಾಲಿ, ಅಷ್ಟೇ. ಡ್ರೈವರ ಮನೆ ಕಟ್ಟುವವನು ನಮ್ಮ ಬಡಿಗನೇ. ಸಾಗುವಾನಿಯ ಚೌಕಟ್ಟು, ಮೇಲೆ ತಗಡು, ಹಣೆಯ ಮೇಲೆ ಮನೆದೇವರ ಹೆಸರು. ಆದುದರಿಂದ ಒಂದರ ಹಾಗೆ ಇನ್ನೊಂದು ಇರುವದಿಲ್ಲ. ಮೋಟಾರು ಕಾರು ಯಜಮಾನನ ವಸ್ತು. ಲಾರಿಯಾದರೋ ಬಡಿಗನದು, ಕಮ್ಮಾರನದು, ಬಣ್ಣದವನದು, ಕ್ಲೀನರನದು. ಹಿಂದಿನ ಹಲಗೆಯ 'ಹಾರ್ನ್ ಓಕೆ ಪ್ಲೀಸ್' ಅನ್ನು ನಮ್ಮ ಮಹಾರಾಷ್ಟ್ರದಲ್ಲಿ 2015ರಲ್ಲಿ ನಿಷೇಧಿಸಿದರು. ಸುಮ್ಮನೆ ಹಾರ್ನ್ ಹೊಡೆಯಲು ಅದು ಕುಮ್ಮಕ್ಕು ಕೊಡುತ್ತದಂತೆ. ಆ ಮಾತು ಸರಿಯೇ ಇರಬಹುದು. ಆದರೂ ಬಣ್ಣ ಬಳಿಯುವವನ ಕೈಬರಹ ಕಾಣದಾದದ್ದಕ್ಕೆ ನನಗೆ ಸ್ವಲ್ಪ ಕೆಡುಕೆನಿಸಿತು.

ಬೇರೆ ದೇಶದಲ್ಲಿ ಇದಕ್ಕೆ ಮರ್ಯಾದೆ ಇದೆ. ಇಂಗ್ಲೆಂಡಿನಲ್ಲಿ ಹಳೆಯ ಲಾರಿ, ಬಸ್ಸು, ಉಗಿಗಾಡಿಗಳನ್ನು ಲಂಡನ್ನಿನಿಂದ ಬ್ರೈಟನ್ ಎಂಬ ಕಡಲ ತೀರದ ಊರಿಗೆ ಒಯ್ಯುವ ಸವಾರಿ 1962ರಲ್ಲಿ ಆರಂಭವಾಯಿತು. ನಮ್ಮಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆಯವರು 1964ರಲ್ಲಿ ಹಳೆಯ ಮೋಟಾರುಗಳ ರ‍್ಯಾಲಿ ಆರಂಭಿಸಿದರು. ಧರ್ಮಸ್ಥಳಕ್ಕೆ ಹೋದವರು ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಿ ಬಂದಿರುತ್ತೀರಿ. ಕಾರಿಗೆ ಇಷ್ಟೆಲ್ಲ ಇದೆ. ದುಡಿದು ಸವೆದ ಲಾರಿಗೆ ಮಾತ್ರ ತೂಕದ ಕಾಟವೇ ಗತಿ. ಎಂಪ್ರೆಸ್ ಮಿಲ್ಲು 1877ರ ಜನವರಿ 1ಕ್ಕೆ ಆರಂಭವಾಯಿತು, 2002ರಲ್ಲಿ ಮುಚ್ಚಿತು. ನಮ್ಮ ತಂದೆ ಅಲ್ಲಿ ದುಡಿದವರು. ಈಗ ಆ ಜಾಗದಲ್ಲಿ ಮಾಲು ಎದ್ದಿದೆ. ಒಮ್ಮೆ ಅವರನ್ನು ಕರೆದುಕೊಂಡು ಹೋಗಿದ್ದೆ. ಎಸ್ಕಲೇಟರಿನ ಮುಂದೆ ನಿಂತು, "ಇಲ್ಲೆ ನನ್ನ ಸಾಂಚಾ ಇತ್ತು" ಎಂದು ಕೈಯಿಂದ ಜಾಗ ತೋರಿಸಿದರು. ತೋರಿಸಲು ಕೈ ಇತ್ತು, ಸಾಂಚಾ ಇರಲಿಲ್ಲ. ಅಂದಿನಿಂದ ನನಗೆ ಈ ಹುಚ್ಚು.

ಇನ್ನು ಕೆಲಸದ ಮಾತು.

ಮೊದಲನೆಯದು ಕಾಗದ. ಹಳೆಯ ವಾಹನಗಳಿಗಾಗಿ ಕೇಂದ್ರ ಸರಕಾರ 2021ರಲ್ಲಿ ನಿಯಮ ಮಾಡಿದೆ. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗೆ 'ವಿಂಟೇಜ್' ಎಂದು ಬೇರೆ ನಂಬರು ಕೊಡುತ್ತಾರೆ. ಶುಲ್ಕ 20,000 ರೂಪಾಯಿ, ಮುದ್ದತ್ತು ಹತ್ತು ವರ್ಷ. ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದು, ದಿನನಿತ್ಯ ಓಡಿಸುವಂತಿಲ್ಲ. ಓದಿ ನಾನು ಬಹಳ ಸಂತೋಷಪಟ್ಟೆ. ಎರಡನೆಯ ಸಲ ಓದಿದಾಗ ಸಂತೋಷ ಇಳಿಯಿತು. ಆ ನಿಯಮ ಇರುವದು ಎರಡು ಗಾಲಿಯ ಗಾಡಿಗಳಿಗೆ ಮತ್ತು ಸ್ವಂತ ಬಳಕೆಯ ಕಾರುಗಳಿಗೆ. ಸರಕಿನ ಲಾರಿಗೆ ಅದರಲ್ಲಿ ಜಾಗವಿಲ್ಲ. ಆದ ಕಾರಣ ನಮ್ಮ ಮುದಿ ಲಾರಿಯೂ ನಿನ್ನೆ ಕಾರಖಾನೆಯಿಂದ ಬಂದ ಲಾರಿಯ ಹಾಗೆಯೇ ನೋಂದಣಿ, ಫಿಟ್‌ನೆಸ್, ವಿಮೆ, ಹೊಗೆಯ ಪ್ರಮಾಣಪತ್ರ ಎಲ್ಲವನ್ನೂ ಇಟ್ಟುಕೊಂಡಿರಬೇಕು. ಅದೇ ವರ್ಷ ಬಂದ ಗುಜರಿ ನೀತಿಯಂತೆ ಪರೀಕ್ಷೆಯಲ್ಲಿ ಪಾಸಾಗದ ಗಾಡಿ ರಸ್ತೆಗೆ ಬರುವ ಹಾಗಿಲ್ಲ. ಕಳೆದ ಸಲ ಬರುವದಾಗಿ ಹೆಸರು ಕೊಟ್ಟವು ಒಂಬತ್ತು ಗಾಡಿ. ಕಾಗದ ನೋಡಿದ ಮೇಲೆ ಉಳಿದವು ಐದು. ಬಿಟ್ಟುಹೋದ ನಾಲ್ವರಲ್ಲಿ ಒಬ್ಬರು ನನ್ನ ಮೇಲೆ ಈಗಲೂ ಸಿಟ್ಟಾಗಿದ್ದಾರೆ. ಮಾಲಕರು ಎಷ್ಟೇ ದೊಡ್ಡವರಿರಲಿ, ಕಾಗದ ಇಲ್ಲದ ಗಾಡಿಯನ್ನು ಸಾಲಿನಲ್ಲಿ ಸೇರಿಸಬೇಡಿರಿ. ಬೇಕಾದರೆ ಇನ್ನೊಂದು ಲಾರಿಯ ಮೇಲೆ ಹೇರಿಕೊಂಡು ಬರಲಿ, ಹೊರಡುವ ಜಾಗದಲ್ಲಿ ನಿಲ್ಲಿಸಿ ತೋರಿಸೋಣ.

ಎರಡನೆಯದು ಜನ. ನಮ್ಮ ಮಂದಿಗೆ ಲಾರಿ ಅಂದ ಕೂಡಲೆ ಹಿಂದೆ ಹತ್ತಿ ಕೂಡುವ ಆಸೆ. ಜಾತ್ರೆಗೆ ಹಾಗೆಯೇ ಹೋದವರಲ್ಲವೆ ನಾವು! ಆದರೆ ಸರಕಿನ ಗಾಡಿಯ ಹಿಂದೆ ಮಂದಿಯನ್ನು ಕೂಡಿಸುವದು ಕಾನೂನಿಗೆ ವಿರುದ್ಧ. ಹಾಗೆ ಪುಕ್ಕಟೆ ಕೂತು ಹೋದವನಿಗೆ ಅಪಘಾತವಾದರೆ ವಿಮಾ ಕಂಪನಿಯ ಹೊಣೆ ಇಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ದುಡಿದು ತಿನ್ನುವ ನಮ್ಮಂಥವರ ಮನೆಯಲ್ಲಿ ಒಬ್ಬ ಕೈಕಾಲು ಮುರಿದುಕೊಂಡರೆ ಏನಾಗುತ್ತದೆಂದು ಬಿಡಿಸಿ ಹೇಳುವದು ಬೇಡ. ಅದಕ್ಕಾಗಿ ಹೆಂಗಸರು ಮಕ್ಕಳಿಗೆಂದು ಬಾಡಿಗೆಯ ಬಸ್ಸು ಮಾಡಿದೆವು. ಲಾರಿಯಲ್ಲಿ ಡ್ರೈವರ, ಪಕ್ಕದಲ್ಲಿ ಕ್ಲೀನರ, ಸೀಟಿದ್ದರೆ ಮತ್ತೊಬ್ಬ. ಮಕ್ಕಳಿಗೆ ಬೇಸರವಾಯಿತು ನಿಜ. ನಿಂತ ಗಾಡಿಯಲ್ಲಿ ಹತ್ತಿಸಿ ಹಾರ್ನ್ ಒತ್ತಿಸಿದ ಮೇಲೆ ಬೇಸರ ಹೋಯಿತು, ನಮ್ಮ ಕಿವಿ ಹೋದವು.

ದಾರಿ ಗೊತ್ತುಮಾಡುವಾಗ ಮೊದಲು ಮೋಟಾರ್ ಸೈಕಲ್ ಮೇಲೆ ಹೋಗಿ ನೋಡಿ ಬರಬೇಕು. ನಕಾಶೆಯಲ್ಲಿ ಕಾಣುವದು ಅರ್ಧವೇ. ನಾನೂ ಒಬ್ಬ ಗೆಳೆಯರೂ ಒಂದು ರವಿವಾರ ಕಾಮಠಿ, ಕನ್ಹಾನ್, ಮನಸರ ಹಿಡಿದು ರಾಮಟೇಕಕ್ಕೆ ಹೋಗಿ, ಎಲ್ಲಿ ಪೆಟ್ರೋಲ್ ಪಂಪು, ಎಲ್ಲಿ ಐದು ಲಾರಿ ಪಕ್ಕಕ್ಕೆ ನಿಲ್ಲುವಷ್ಟು ಅಗಲ, ಎಲ್ಲಿ ಮರದ ಟೊಂಗೆ ತಗ್ಗಿನಲ್ಲಿದೆ, ಎಲ್ಲಿ ತಿರುವಿಗೆ ಸಂದು ಇದೆ ಎಂದು ಗೇಟಿನ ರಿಜಿಸ್ಟರಿನ ಹಾಗೆ ಬರೆದುಕೊಂಡು ಬಂದೆವು. ಐವತ್ತು ಕಿಲೋಮೀಟರಿನ ಒಳಗಿನ ದಾರಿ. ಅದಕ್ಕಿಂತ ದೂರ ಮೊದಲ ಸಲಕ್ಕೆ ಬೇಡ. ಹಿಂಗಣಘಾಟದ ಕಡೆ ಹೋಗೋಣವೆಂದು ಕೆಲವರು ಹೇಳಿದ್ದರು. ಆದರೆ ಚಳಿಗಾಲದಲ್ಲಿ ಆ ಕಡೆ ಹತ್ತಿಯ ಗಾಡಿಗಳ ಸುಗ್ಗಿ. ದುಡಿಯುವ ಲಾರಿಗೆ ನಮ್ಮ ಶೋಕಿಯ ಲಾರಿ ಅಡ್ಡ ನಿಲ್ಲಬಾರದು. ಬೇಸಿಗೆಯಲ್ಲಂತೂ ಮಾತೇ ಇಲ್ಲ. ಮೇ ತಿಂಗಳ 45 ಡಿಗ್ರಿಯಲ್ಲಿ ನಾವೇ ಕುದಿಯುವಾಗ ಹಳೆಯ ರೇಡಿಯೇಟರಿನ ಪಾಡೇನು? ಬೆಡ್‌ಫರ್ಡಿನಂಥ ಪೆಟ್ರೋಲ್ ಇಂಜಿನಾದರೆ ಬಿಸಿಲಿಗೆ ಪೈಪಿನಲ್ಲಿಯೇ ಪೆಟ್ರೋಲು ಆವಿಯಾಗಿ ನಿಂತುಬಿಡುತ್ತದೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆಸುತ್ತಾರೆ. ಹಳೆಯ ರಬ್ಬರಿನ ನಳಿಗೆಗಳಿಗೆ ಅದು ಆಗಿ ಬರುವದಿಲ್ಲ, ಹೊರಡುವ ಮುಂಚೆ ಹೊಸ ನಳಿಗೆ ಹಾಕಿಸಿಕೊಳ್ಳಿರಿ.

ಪೋಲೀಸರಿಗೆ ಮುಂಚಿತವಾಗಿ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಗಾಡಿಗಳ ನಂಬರು, ಡ್ರೈವರರ ಹೆಸರು, ಹೊರಡುವ ಹೊತ್ತು, ದಾರಿ ಇಷ್ಟು ಸಾಕು. ಪ್ರಸ್ತಾವನೆ ಬೇಡ. ನಾನು ಮೊದಲ ಅರ್ಜಿಯಲ್ಲಿ ನಾಗಪುರ ಯೋಜನೆಯ ಇತಿಹಾಸವನ್ನೆಲ್ಲ ಬರೆದಿದ್ದೆ. ಸಾಹೇಬರು ಓದಿ, "ಗಾಡಿ ಎಷ್ಟು?" ಎಂದರು.

ಸಾಲಿನಲ್ಲಿ ಯಾರು ಮುಂದೆ? ಎಲ್ಲರಿಗಿಂತ ನಿಧಾನದ ಗಾಡಿ ಮುಂದೆ. ಇದು ಮರೆಯಬಾರದ ಮಾತು. ಚುರುಕಿನ ಗಾಡಿ ಮುಂದಾದರೆ ಹಿಂದಿನವರು ಹಿಡಿಯಲು ಹೋಗಿ ಕೆಡುತ್ತಾರೆ. ನಮ್ಮ ಸಾಲಿಗೆ 35ರಿಂದ 40 ಕಿಲೋಮೀಟರಿನ ವೇಗ ಗೊತ್ತುಮಾಡಿದೆವು. ಐದೂ ಗಾಡಿ ಬಾಲಕ್ಕೆ ಮೂಗು ಹಚ್ಚಿಕೊಂಡು ಹೋದರೆ ಹಿಂದಿನ ಬಸ್ಸಿನವನಿಗೆ ದಾಟುವದಾಗದು, ಅವನು ಬೈಯುವದೂ ತಪ್ಪದು. ಅದಕ್ಕೆ ಎರಡು, ಮೂರು ಎಂದು ಗುಂಪು ಮಾಡಿ ನಡುವೆ ದಂಡಿಯಾಗಿ ಅಂತರ ಬಿಟ್ಟೆವು. ಸಿಗ್ನಲ್ಲಿನಲ್ಲಿ ಯಾರಾದರೂ ತಪ್ಪಿದರೆ ರಸ್ತೆಯ ಮೇಲೆ ಕಾಯುವದಿಲ್ಲ, ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಕಾಯುವದು. ಫೋನು ಕ್ಲೀನರನ ಕೈಯಲ್ಲಿ, ಡ್ರೈವರನ ಕೈಯಲ್ಲಿ ಅಲ್ಲ. ಎಲ್ಲರ ಹಿಂದೆ ಮಿಸ್ತ್ರಿಯ ಜೀಪು, ಅದರಲ್ಲಿ ಎಳೆಯುವ ಕಬ್ಬಿಣದ ಸರಳು, ಫ್ಯಾನ್ ಬೆಲ್ಟು, ನಳಿಗೆಗಳು, ನೀರು, ಬೆಂಕಿ ಆರಿಸುವ ಸಿಲಿಂಡರು, ಔಷಧದ ಪೆಟ್ಟಿಗೆ.

ಗಾಲಿಯ ವಿಷಯ ಒಂದೆರಡು ಮಾತು. ಹಳೆಯ ಟಯರಿನ ಮೇಲೆ ಗೀರು ಚೆನ್ನಾಗಿದ್ದರೂ ಪಕ್ಕದ ಗೋಡೆ ಬಿರುಕು ಬಿಟ್ಟಿರುತ್ತದೆ. ನಿಂತೇ ಹಾಳಾಗುವ ವಸ್ತು ಅದು. ಲಾಕ್ ರಿಂಗಿನ ಗಾಲಿಗೆ ಗಾಳಿ ತುಂಬುವಾಗ ಎದುರಿಗೆ ಕೂಡಬೇಡಿರಿ. ಆ ಉಂಗುರ ಹಾರಿದರೆ ತಲೆ ಉಳಿಯುವದಿಲ್ಲ. ಕೆಲವು ಹಳೆಯ ಗಾಡಿಗಳಲ್ಲಿ ಎಡಗಡೆಯ ಗಾಲಿಯ ನಟ್ಟಿಗೆ ಎಡಕ್ಕೆ ತಿರುಗುವ ಮರೆ ಇರುತ್ತದೆ. ಇದು ತಿಳಿಯದ ಹುಡುಗರು ಬಿಚ್ಚುತ್ತೇವೆಂದು ಬಿಗಿ ಮಾಡುತ್ತ ಹೋಗಿ ಬೋಲ್ಟು ಮುರಿದದ್ದನ್ನು ಕಂಡಿದ್ದೇನೆ.

ಹೀಗೆ ಎಲ್ಲ ಸಿದ್ಧವಾಗಿ ಬೆಳಿಗ್ಗೆ ಆರಕ್ಕೆ ಕಾಮಠಿ ರಸ್ತೆಯ ಒಂದು ಬಯಲಿನಲ್ಲಿ ಕೂಡಿದೆವು. ಮಂಜು ಇತ್ತು. ಒಂದು ಟಾಟಾ ಮರ್ಸಿಡಿಸ್, ಒಂದು ಬೆಡ್‌ಫರ್ಡ್, ಪರ್ಕಿನ್ಸ್ ಡೀಸೆಲ್ ಇಂಜಿನು ಹಾಕಿಸಿಕೊಂಡ ಒಂದು ಫಾರ್ಗೊ, ಒಂದು ಕಾಮೆಟ್, ಲಿಲಾವಿನಲ್ಲಿ ಕೊಂಡ ಒಂದು ಶಕ್ತಿಮಾನ್. ಒಂದೊಂದೇ ಇಂಜಿನು ಎದ್ದಾಗ ಮಂದಿ ಚಹದ ಲೋಟ ಕೈಯಲ್ಲಿ ಹಿಡಿದೇ ನಿಂತರು. ಮಾಲಕರಲ್ಲಿ ಮರಾಠಿಯವರು, ಪಂಜಾಬಿನವರು, ನಮ್ಮವರು ಎಲ್ಲ ಇದ್ದರು. ಇಂಜಿನಿನ ಸಪ್ಪಳಕ್ಕೆ ಯಾವ ಭಾಷೆಯೂ ಕೇಳಿಸುತ್ತಿರಲಿಲ್ಲ, ಅದೂ ಒಂದು ಅನುಕೂಲವೇ. ಕನ್ಹಾನಿನಲ್ಲಿ ನಿಂತು ತರ್ರಿ ಪೋಹೆ ತಿಂದೆವು. ಮನಸರದ ಮ್ಯಾಂಗನೀಸ್ ಗಣಿಯಿಂದ ಬಂದ ಲಾರಿಯ ಡ್ರೈವರನೊಬ್ಬ ತನ್ನ ಗಾಡಿ ನಿಲ್ಲಿಸಿ ಇಳಿದು ಬಂದು, ಟಾಟಾ ಮರ್ಸಿಡಿಸಿನ ಮೂಗು ಮುಟ್ಟಿ ನಮಸ್ಕಾರ ಮಾಡಿದ. ಅವನ ತಂದೆ ಅಂಥದನ್ನೇ ಓಡಿಸುತ್ತಿದ್ದನಂತೆ. ರಾಮಟೇಕದಲ್ಲಿ ಕೆಳಗೆ ಗಾಡಿಗಳನ್ನು ನಿಲ್ಲಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಊಟ. ಮೇಘದೂತದ ಯಕ್ಷ ಮೋಡವನ್ನು ಕಂಡದ್ದು ಈ ಗುಡ್ಡದ ಮೇಲಿಂದಲೇ ಎಂದು ಹೇಳುತ್ತಾರಾಗಿ, ನಮ್ಮ ಅಧ್ಯಕ್ಷರು ಕಾಳಿದಾಸನ ಮೇಲೆ ನಾಲ್ಕು ಮಾತು ಹೇಳಿದರು. ಖರ್ಚೆಲ್ಲ ತೆಗೆದು ವಾಚನಾಲಯದ ಚಂದಾಕ್ಕೆ 340 ರೂಪಾಯಿ ಉಳಿಯಿತು. ಹಳೆಯ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರು ಕೊಟ್ಟರೆ ಪುಣ್ಯ, ಹಾಗಿರುವಾಗ ಇದು ಸಣ್ಣ ಮೊತ್ತವಲ್ಲ.

ಇಲ್ಲಿಯವರೆಗೆ ನಿಮಗೆ ಗೊತ್ತಿದ್ದ ಕತೆ. ಇನ್ನು ಆ ಬಾಬತ್ತು.

ಟಾಟಾ ಮರ್ಸಿಡಿಸನ್ನು ಓಡಿಸಿದವರು ನಮ್ಮೆಲ್ಲರ ಕಾಕಾ. ಹೆಸರು ಹೇಳುವದಿಲ್ಲ, ಹೇಳದೆಯೂ ನಿಮಗೆ ಗೊತ್ತು. ಗದಗ ಸೀಮೆಯವರು. 1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ವ್ಯವಹಾರ ಆರಂಭಿಸಿದ ಊರು ಅದು. ಅದಕ್ಕಿಂತ ಮೊದಲೇ ಕಾಕಾ ಅಲ್ಲಿ ಬೇರೆಯವರ ಲಾರಿಗೆ ಕ್ಲೀನರ ಆಗಿ ಸೇರಿ, ಡ್ರೈವರ ಆಗಿ, ಹೈದರಾಬಾದ, ನಾಗಪುರ ಎಂದು ಓಡಾಡಿ ಕಡೆಗೆ ಇಲ್ಲಿಯೇ ನಿಂತರು. ಈಗ ಎಪ್ಪತ್ತನಾಲ್ಕು ವರ್ಷ. ಲೈಸೆನ್ಸು, ವೈದ್ಯರ ಪ್ರಮಾಣಪತ್ರ ಎಲ್ಲ ಇತ್ತು. ಗಾಡಿಯ ಫಿಟ್‌ನೆಸ್ಸೂ ನಾಲ್ಕು ತಿಂಗಳ ಹಿಂದೆ ಆಗಿತ್ತು.

ಹೊರಡುವ ಮುಂಚೆ ಪ್ರತಿಯೊಂದು ಗಾಡಿಯನ್ನು ಪರೀಕ್ಷಿಸಿ ಪಟ್ಟಿಯಲ್ಲಿ ಗುರುತು ಹಾಕುವದು ನನ್ನ ಕೆಲಸವಾಗಿತ್ತು. ದೀಪ, ಹಾರ್ನು, ಟಯರು, ನೀರು, ಬ್ರೇಕು. ಉಳಿದ ನಾಲ್ಕು ಗಾಡಿಗಳ ಬ್ರೇಕನ್ನು ನಾನೂ ಮಿಸ್ತ್ರಿಯೂ ನೋಡಿದೆವು. ಕಾಕಾನ ಗಾಡಿಗೆ ಬಂದಾಗ ಹೊತ್ತಾಗಿತ್ತು, ಅತಿಥಿಗಳು ಮಾಲೆ ಹಿಡಿದು ನಿಂತಿದ್ದರು. ಕಾಕಾ ಮೇಲಿನಿಂದಲೇ ಹೇಳಿದರು: "ತಮ್ಮಾ, ನೀ ಹುಟ್ಟೋಕಿಂತ ಮೊದಲ ಈ ಗಾಡಿ ನನ್ನ ಕಾಲಾಗ ಐತಿ. ಸರಿ ಐತಿ ಅಂತ ಬರಕೋ." ನಾನು ಬರೆದುಕೊಂಡೆ. ಹಿರಿಯರನ್ನು ಇಳಿಸಿ ಪರೀಕ್ಷೆ ಮಾಡುವದು ಹೇಗೆ ಎಂದು ಸಂಕೋಚಪಟ್ಟೆ. ಮಿಲ್ಲಿನ ಗೇಟಿನಲ್ಲಿ ಒಂದು ಚೀಲವನ್ನೂ ಎಣಿಸದೆ ಬಿಡದವನು, ಅಂದು ಎಣಿಸದೆ ಬರೆದೆ.

ಊಟವಾದ ಮೇಲೆ, ಮೊದಲಿನ ಗೊತ್ತುವಳಿಯಲ್ಲಿ ಇಲ್ಲದಿದ್ದರೂ, ಕಾಕಾ ಗಾಡಿಯನ್ನು ಗುಡ್ಡದ ಮೇಲಿನವರೆಗೆ ಒಯ್ದು ದೇವರಿಗೆ ಕಾಯಿ ಒಡೆಸಿ ಬರುವೆನೆಂದರು. ನಾನು ಬೇಡವೆನ್ನಲಿಲ್ಲ, ಪಕ್ಕದಲ್ಲಿ ಕೂತೆ. ಏರುವಾಗ ಗಾಡಿ ಹಾಡಿಕೊಂಡು ಏರಿತು. ಇಳಿಯುವಾಗ ಎರಡನೆಯ ತಿರುವಿನಲ್ಲಿ ಕಾಕಾ ಬ್ರೇಕು ತುಳಿದರು, ಪೆಡಲು ಮೆತ್ತಗೆ ನೆಲಕ್ಕೆ ಹೋಯಿತು. ಎರಡನೆಯ ಸಲ ತುಳಿದರು, ಅದೂ ಹೋಯಿತು. ಹ್ಯಾಂಡ್ ಬ್ರೇಕು ಎಳೆದರು, ವಾಸನೆ ಬಂದಿತು, ಗಾಡಿ ನಿಲ್ಲಲಿಲ್ಲ. ಮುಂದೆ ರಸ್ತೆಯ ತುಂಬ ನಡೆದು ಬರುವ ಮಂದಿ, ಅದರ ಕೆಳಗೆ ನಮ್ಮ ಬಸ್ಸು, ಬಸ್ಸಿನ ಸುತ್ತ ಮಕ್ಕಳು. ನನ್ನ ಮಗಳು ಕೆಂಪು ಲಂಗದವಳು, ಅಷ್ಟು ದೂರದಿಂದಲೂ ಕಂಡಳು.

ಕಾಕಾ ಮಾತಾಡಲಿಲ್ಲ. ಆ ಗಾಡಿಯ ಗೇರು ಈಗಿನ ಗಾಡಿಗಳ ಹಾಗೆ ಸುಮ್ಮನೆ ಬೀಳುವದಿಲ್ಲ. ಕ್ಲಚ್ಚು ತುಳಿದು, ಬಿಟ್ಟು, ಇಂಜಿನು ಏರಿಸಿ, ಮತ್ತೆ ತುಳಿದು ಹಾಕಬೇಕು. ಹೊತ್ತು ತಪ್ಪಿದರೆ ಗೇರು ಬೀಳದೆ ಗಾಡಿ ಪೂರಾ ಕೈಬಿಡುತ್ತದೆ. ಅವರು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತಂದರು. ಇಂಜಿನು ಅರಚಿತು. ಎಡಗಡೆಯ ಗಾಲಿಯನ್ನು ಗುಡ್ಡದ ಬದಿಯ ಮಣ್ಣಿನ ದಿಣ್ಣೆಗೆ ಹಚ್ಚಿ ಉಜ್ಜುತ್ತ ಉಜ್ಜುತ್ತ ಗಾಡಿಯನ್ನು ನಿಲ್ಲಿಸಿದರು. ಹಿಂದೆ ನಡೆದು ಬರುತ್ತಿದ್ದ ಹುಡುಗನೊಬ್ಬ ಓಡಿ ಬಂದು ಗಾಲಿಗೆ ಕಲ್ಲು ಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಹೆಡ್‌ಲೈಟು ಒಂದು ಒಡೆಯಿತು.

ಮಿಸ್ತ್ರಿ ಬಂದು ನೋಡಿದಾಗ ಬಲಗಡೆಯ ಹಿಂದಿನ ಗಾಲಿಯ ಒಳಗೆ ಬ್ರೇಕ್ ಎಣ್ಣೆ ಸೋರಿ ಡ್ರಮ್ಮು ಒದ್ದೆಯಾಗಿತ್ತು. ಸಿಲಿಂಡರಿನ ರಬ್ಬರು ನಿಂತು ನಿಂತು ಗಟ್ಟಿಯಾಗಿತ್ತು. ಈಗಿನ ಗಾಡಿಗಳಲ್ಲಿ ಬ್ರೇಕಿಗೆ ಎರಡು ಬೇರೆ ಬೇರೆ ದಾರಿ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು ಹಿಡಿಯುತ್ತದೆ. ಅಂದಿನ ಗಾಡಿಗೆ ಒಂದೇ ದಾರಿ. ಒಂದು ಗಾಲಿಯಲ್ಲಿ ಸೋರಿದರೆ ನಾಲ್ಕೂ ಕಡೆ ಹೋದಂತೆಯೇ. ಫಿಟ್‌ನೆಸ್ಸಿನ ಕಾಗದ ಅಂದಿನ ದಿನದ ಮಾತು ಹೇಳುತ್ತದೆ, ನಾಲ್ಕು ತಿಂಗಳ ಆಮೇಲಿನದನ್ನಲ್ಲ. ಬೆಳಿಗ್ಗೆ ಪೆಡಲನ್ನು ಒತ್ತಿ ಒಂದು ನಿಮಿಷ ಹಿಡಿದಿದ್ದರೆ ಅದು ಇಳಿಯುವದು ಗೊತ್ತಾಗುತ್ತಿತ್ತು. ಬಗ್ಗಿ ಗಾಲಿಯ ಒಳಮೈ ಮುಟ್ಟಿದ್ದರೆ ಕೈ ಒದ್ದೆಯಾಗುತ್ತಿತ್ತು. ಎರಡು ನಿಮಿಷದ ಕೆಲಸ.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಊರಿಗೆ ಬಂದ ಮೇಲೆ ಮಂದಿ ಮಾತಾಡಿಕೊಂಡರು. "ವಯಸ್ಸಾತು, ಕಾಲಾಗ ಕಸುವಿಲ್ಲ, ಬ್ರೇಕ್ ತುಳಿಯಾಕ ಆಗಲಿಲ್ಲ" ಎಂದರು. ಇದೇ ಬೆಂಚುಗಳ ಮೇಲೆ ಕೂತು ಹೇಳಿದರು, ನಾನು ಕೇಳಿಸಿಕೊಂಡೆ. ಪಟ್ಟಿ ನನ್ನ ಚೀಲದಲ್ಲಿಯೇ ಇತ್ತು, ಕಾಕಾನ ಹೆಸರಿನ ಮುಂದೆ, ಬ್ರೇಕಿನ ಕೆಳಗೆ, ನನ್ನ ಕೈಯ ಗುರುತು. ನಾನು ಬಾಯಿ ತೆಗೆಯಲಿಲ್ಲ. ಕಾಕಾನ ಮಗ ಅವರ ಕೈಯಿಂದ ಕೀಲಿಕೈ ಇಸಿದುಕೊಂಡ. ದಿನಾ ಸಂಜೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಊರಿನ ಪತ್ರಿಕೆ ಓದುತ್ತಿದ್ದವರು ಬರುವದನ್ನೇ ಬಿಟ್ಟರು. ಹೀಗೆ ಒಂಬತ್ತು ತಿಂಗಳು ಕಳೆದವು.

ದಸರೆಯ ಮರುದಿನ ಬನ್ನಿ ಕೊಡಲು ಅವರ ಮನೆಗೆ ಹೋದೆ. ಕಾಲು ಮುಟ್ಟಿ, ಕಾಕಾ, ತಪ್ಪು ನನ್ನದು, ನಾನು ನೋಡದೆ ಬರೆದುಕೊಂಡೆ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೇನ್ ಹೇಳತಿ? ನನಗ ಗೊತ್ತೈತಿ. ಅಲ್ಲಿ ಹೇಳು" ಎಂದರು.

ಅದಕ್ಕೆ ಇಲ್ಲಿ ಹೇಳಿದ್ದೇನೆ. ಅಂದು ಬ್ರೇಕಿದ್ದ ಗಾಡಿಯನ್ನು ಯಾರೂ ನಿಲ್ಲಿಸಬಹುದಿತ್ತು. ಬ್ರೇಕಿಲ್ಲದ ಗಾಡಿಯನ್ನು ಆ ಇಳಿಜಾರಿನಲ್ಲಿ ನಿಲ್ಲಿಸಬಲ್ಲವರು ನಮ್ಮಲ್ಲಿ ಅವರೊಬ್ಬರೇ ಇದ್ದರು. ನಮ್ಮ ಮಕ್ಕಳು ಉಳಿದದ್ದು ಎಪ್ಪತ್ತನಾಲ್ಕು ವರ್ಷದ ಆ ಕಾಲಿನಿಂದ.

ಈ ಸಲದ ವ್ಯವಸ್ಥೆ ಹೀಗಿದೆ. ಗುಡ್ಡ ಬೇಡ. ಬುಟಿಬೋರಿಯ ಮೇಲಿಂದ ವರ್ಧಾ, ಅಲ್ಲಿಂದ ಸೇವಾಗ್ರಾಮ. ಹೊಸ ಸಮೃದ್ಧಿ ಮಹಾಮಾರ್ಗ ನಮಗಲ್ಲ, ಅಲ್ಲಿಯ ವೇಗಕ್ಕೆ ನಮ್ಮ ಗಾಡಿಗಳು ಅಡಚಣಿ. ಹಳೆಯ ರಸ್ತೆಯೇ ಸಾಕು. ಗಾಂಧೀಜಿಯವರ ಆಶ್ರಮಕ್ಕೆ ಲಾರಿ ಒಯ್ಯುವದೇ ಎಂದು ಒಬ್ಬ ಸದಸ್ಯರು ಕೇಳಿದ್ದಾರೆ. ಗಾಡಿಗಳನ್ನು ದೂರ ನಿಲ್ಲಿಸಿ ನಡೆದು ಹೋಗೋಣ. ಪರೀಕ್ಷೆ ಹೊರಡುವ ದಿನ ಬೆಳಿಗ್ಗೆ ಅಲ್ಲ, ಹಿಂದಿನ ದಿನ ಮಧ್ಯಾಹ್ನ. ಮಾಲೆ ಹಿಡಿದ ಅತಿಥಿಗಳು ಆಗ ಇರಬಾರದು. ಪ್ರತಿಯೊಂದು ಗಾಡಿಯ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯುವದು, ನಾಲ್ಕೂ ಗಾಲಿಯ ಒಳಮೈ ನೋಡುವದು, ಬಯಲಿನಲ್ಲಿ 20 ಕಿಲೋಮೀಟರಿನ ವೇಗದಲ್ಲಿ ನಿಲ್ಲಿಸಿ ತೋರಿಸುವದು. ಗುರುತು ಹಾಕುವವರು ಇಬ್ಬರು, ಇಬ್ಬರದೂ ಸಹಿ. ಮಾಲಕರು ಮಂತ್ರಿಗಳಾದರೂ ಸರಿ. ಇಳಿಜಾರು ಬಂದರೆ ಯಾವ ಗೇರಿನಲ್ಲಿ ಏರುತ್ತಿದ್ದೆವೋ ಅದೇ ಗೇರಿನಲ್ಲಿ ಇಳಿಯುವದು. ಪ್ರತಿ ಗಾಡಿಯಲ್ಲಿ ಗಾಲಿಗೆ ಅಡ್ಡ ಕೊಡುವ ಮರದ ತುಂಡು ಎರಡು.

ಪಟ್ಟಿಯಲ್ಲಿ ಸಹಿ ಮಾಡುವ ಒಬ್ಬನು ನಾನು. ಎರಡನೆಯ ಸಹಿ ಕಾಕಾ ಮಾಡಬೇಕೆಂದು ನಿನ್ನೆ ಹೋಗಿ ಕೇಳಿದ್ದೇನೆ. ಹೂಂ ಎಂದಿಲ್ಲ, ಒಲ್ಲೆ ಎಂದೂ ಎಂದಿಲ್ಲ. ಪಟ್ಟಿಯ ಒಂದು ಪ್ರತಿ ಬಿಟ್ಟು ಹೋಗು ಎಂದರು, ಬಿಟ್ಟು ಬಂದಿದ್ದೇನೆ.

ಬಸ್ಸಿನಲ್ಲಿ ಬರುವವರು ತಲೆಗೆ 250 ರೂಪಾಯಿ ಕೊಟ್ಟು ಹೆಸರು ಬರೆಸಬೇಕು. ಐದು ವರ್ಷದ ಒಳಗಿನ ಮಕ್ಕಳಿಗೆ ಇಲ್ಲ. ಬುತ್ತಿ ತಮ್ಮ ತಮ್ಮದು, ಚಹ ಸಂಘದ್ದು. ಎರಡನೆಯ ಪಾಳಿಯವರು ಹಿಂದಿನ ರಾತ್ರಿಯ ಪಾಳಿ ಬದಲಿಸಿಕೊಳ್ಳುವದಿದ್ದರೆ ಈಗಲೇ ಮಾತಾಡಿಕೊಳ್ಳಿರಿ. ಹೆಸರಿನ ಪುಸ್ತಕ ಪತ್ರಿಕೆಗಳ ಮೇಜಿನ ಮೇಲೆ ಇದೆ, ಪೆನ್ನು ದಾರಕ್ಕೆ ಕಟ್ಟಿದೆ.